ಒಂದೇ ಏಟಿಗೆ ತುಂಬಿದ ಹಲ್ಲು

ದಂತ ಆಸ್ಪತ್ರೆಯ ಅಧೀಕ್ಷಕರೇ,

ನೀವು ಹೊರಡಿಸಿದ ಆದೇಶದಿಂದ ನನ್ನ ಅಕ್ಕನ ಮುಂದಿನ ಹಲ್ಲು ಸತ್ತಿದೆ. ನಾನು ನ್ಯಾಯಾಲಯದ ಬೆರಳಚ್ಚುಗಾರ್ತಿ. ದಿನವಿಡೀ ಇತರರ ದೂರುಗಳನ್ನು ಟೈಪು ಮಾಡುವವಳು, ಮೊದಲ ವಾಕ್ಯದಲ್ಲೇ ವಿಷಯ ಬರದಿದ್ದರೆ ಓದುವವರು ಆಕಳಿಸುತ್ತಾರೆಂದು ಬಲ್ಲೆ. ‘ಮಾನ್ಯರೇ’ ಎಂದು ಆರಂಭಿಸಿ ಅಳಿಸಿದ್ದೇನೆ. ಬೆರಳು ಒಪ್ಪಲಿಲ್ಲ.

ಆದೇಶ ನಿಮಗೆ ನೆನಪಿರಬಹುದು, ಚಿಕಿತ್ಸಾ ಕೊಠಡಿಯ ಬಾಗಿಲಿಗೆ ಅದನ್ನು ಅಂಟಿಸಿದ್ದೀರಿ. ಹಲ್ಲಿನ ಬಣ್ಣದ ಫಿಲ್ಲಿಂಗನ್ನು ಇನ್ನು ಮುಂದೆ ಪದರ ಪದರವಾಗಿ ಹಾಕಬೇಕಿಲ್ಲ, ಒಂದೇ ಸಲ ತುಂಬಿ ಒಂದೇ ಸಲ ನೀಲಿ ಬೆಳಕು ಹಿಡಿಯುವುದು, ಕಡ್ಡಿಯಿಂದ ಮೇಲೆ ತಟ್ಟಿದಾಗ ಟಕ್ಕೆಂದರೆ ಕೆಲಸ ಮುಗಿಯಿತೆಂದು ತಿಳಿಯುವುದು. ಕುರ್ಚಿ ಬೇಗ ಖಾಲಿಯಾಗುತ್ತದೆ, ಸಾಲು ಬೇಗ ಕರಗುತ್ತದೆ. ಎಂಥ ಸೊಗಸಾದ ವ್ಯವಸ್ಥೆ! ಬಾಗಿಲು ತಟ್ಟಿ ಗಟ್ಟಿಯಿದೆ ಎಂದು ಇಡೀ ಮನೆಗೆ ಪ್ರಮಾಣಪತ್ರ ಕೊಡುವುದೊಂದು ಬಾಕಿ.

ಅಕ್ಕ ಕ್ಲಾರಿನೆಟ್ ನುಡಿಸುವವಳು. ನಗರದ ವಾದ್ಯವೃಂದದಲ್ಲಿ ಅವಳ ಕುರ್ಚಿ ಮುಂದಿನ ಸಾಲಿನದು, ನಮ್ಮ ಮನೆ ನಡೆಯುವುದೂ ಅವಳ ಬದುಕು ನಡೆಯುವುದೂ ಅದರಿಂದಲೇ. ಊದುವಾಗ ಮೇಲಿನ ಮುಂದಿನ ಹಲ್ಲುಗಳು ವಾದ್ಯದ ಬಾಯಿಯ ಮೇಲೆ ಊರಿರುತ್ತವೆ. ನಾದ ಕಿವಿಗಿಂತ ಮೊದಲು ಹಲ್ಲಿಗೇ ತಿಳಿಯುತ್ತದೆ ಅನ್ನುತ್ತಾಳೆ.

ಹೈಸ್ಕೂಲಿನಲ್ಲಿದ್ದಾಗ ಸಂಗೀತ ಶಾಲೆಯ ಮೆಟ್ಟಿಲಲ್ಲಿ ಮುಗ್ಗರಿಸಿ ಅವಳು ಅದೇ ಹಲ್ಲನ್ನು ಅರ್ಧ ಮುರಿದುಕೊಂಡಿದ್ದಳು. ಅಂದು ನಿಮ್ಮ ಆಸ್ಪತ್ರೆಯಲ್ಲೊಬ್ಬ ಡಾಕ್ಟರಿದ್ದರು, ಮಹಾ ನಿಧಾನದ ಮನುಷ್ಯ. ಬಣ್ಣದ ಮಾದರಿಗಳನ್ನು ಹಲ್ಲಿನ ಪಕ್ಕ ಹಿಡಿದು ನೋಡಿದ ಮೇಲೆಯೇ ಕೆಲಸಕ್ಕೆ ಕೈಯಿಟ್ಟರು. “ಹಲ್ಲು ಒಣಗಿದ ಮೇಲೆ ನೋಡಿದ್ರೆ ಸುಳ್ಳು ಬಿಳುಪು ಕಾಣುತ್ತೆ ಮಗೂ, ಅದಕ್ಕೆ ಮೊದಲೇ ಬಣ್ಣ ಆರಿಸ್ಕೋಬೇಕು” ಎಂದರು. ಆಮ್ಲ ಹಚ್ಚಿ ಹಲ್ಲಿನ ಮೈ ಒರಟು ಮಾಡಿದರು, ತೊಳೆದರು, ಒಂದು ಹನಿ ಎಂಜಲೂ ತಾಗದಂತೆ ಹತ್ತಿ ಒತ್ತಿದರು, ಅಂಟು ಸವರಿದರು. ಕಣ್ಣು ಪಿಳಿಪಿಳಿ ಬಿಡುತ್ತಾ ಪಕ್ಕದಲ್ಲಿ ನಿಂತಿದ್ದ ನನಗೂ ಪಾಠ ನಡೆಯಿತು.

“ಇದು ರೆಸಿನ್ನು, ಮೆತ್ತನೆ ಪ್ಲಾಸ್ಟಿಕ್ಕಿನ ಥರ, ಅದರೊಳಗೆ ಗಾಜಿನ ಸಣ್ಣ ಪುಡಿ. ಪುಡಿ ಇರೋದು ಸವೀದೇ ಇರೋಕೆ. ರೆಸಿನ್ನಿನ ಕಣಗಳು ಈಗ ಬಿಡಿಬಿಡಿಯಾಗಿ ಓಡಾಡ್ಕೊಂಡಿವೆ. ನೀಲಿ ಬೆಳಕು ಬಿತ್ತು ಅಂದ್ರೆ ಒಂದರ ಕೈ ಒಂದು ಹಿಡ್ಕೊಂಡು ಸರಪಳಿ ಆಗ್ತವೆ. ಕೈ ಹಿಡ್ಕೊಳ್ಳೋಕೆ ಹತ್ತಿರ ಬರಬೇಕಲ್ಲ, ಅದಕ್ಕೆ ಇಡೀ ಮುದ್ದೆ ಚೂರು ಕುಗ್ಗುತ್ತೆ. ದಪ್ಪಕ್ಕೆ ಮೆತ್ತಿಬಿಟ್ರೆ ಕುಗ್ಗೋ ರಭಸಕ್ಕೆ ಹಲ್ಲಿಂದ ಬಿಟ್ಕೊಳ್ಳುತ್ತೆ. ತಳಕ್ಕೆ ಬೆಳಕೂ ಇಳಿಯಲ್ಲ.”

ಹೀಗೆ ಹೇಳುತ್ತಾ ಅಕ್ಕಿಕಾಳಿನ ದಪ್ಪಕ್ಕೆ ಒಂದೊಂದೇ ಪದರ ಹಾಕಿ, ಬೆಳಕು ಹಿಡಿದು, ಮತ್ತೆ ಪದರ ಹಾಕಿದರು. ಅಮ್ಮನಿಗೆ ತಾಳ್ಮೆ ಕೆಟ್ಟಿತು. “ಏನ್ ಡಾಕ್ಟ್ರೇ, ಹಲ್ಲು ತುಂಬ್ತಿದೀರೋ ಮನೆ ಕಟ್ತಿದೀರೋ?” ಎಂದಳು. “ಈ ಹುಡುಗಿ ಇದನ್ನ ನಂಬ್ಕೊಂಡು ಊದಬೇಕಲ್ಲಮ್ಮ” ಎಂದರು ಅವರು. ಅಕ್ಕ ನಂಬಿ ಊದಿದಳು. ಆ ಹಲ್ಲಿನ ಮೇಲೆಯೇ ವಾದ್ಯ ಊರಿ ಪರೀಕ್ಷೆ ಗೆದ್ದಳು, ಕೆಲಸ ಹಿಡಿದಳು, ನನ್ನನ್ನು ಓದಿಸಿದಳು.

ಆ ಡಾಕ್ಟರು ನೀವೇ.

ಈ ವರ್ಷ ಆ ಹಳೆಯ ಫಿಲ್ಲಿಂಗಿನ ಅಂಚು ಸವೆದು ಹಿಂಬದಿಯಲ್ಲಿ ಹುಳುಕು ಹತ್ತಿತು. ಅಕ್ಕ ಬೇರೆ ಎಲ್ಲಿಗೂ ಹೋಗಲೊಲ್ಲದೆ ನೇರ ನಿಮ್ಮ ಕೊಠಡಿಗೆ ಬಂದಳು. ಗುರುತು ಹಿಡಿದಿರಿ, ಸಂತೋಷಪಟ್ಟಿರಿ. “ಕೆಳಗೆ ಹೋಗಮ್ಮ, ನಮ್ಮವರು ಚೆನ್ನಾಗಿ ಮಾಡ್ತಾರೆ” ಎಂದು ಕಳಿಸಿದಿರಿ. ಕೆಳಗಿದ್ದ ಯುವ ವೈದ್ಯೆ ರೆಸಿನ್ನನ್ನು ಒಟ್ಟಿಗೇ ತುರುಕುವುದನ್ನು ಕಂಡು ನಾನು, “ಪದರ ಹಾಕಲ್ವಾ?” ಎಂದೆ. ಆಕೆ ಬಾಗಿಲ ಕಡೆ ಕಣ್ಣು ಹಾಯಿಸಿ, “ಹಾಕೋ ಹಾಗಿಲ್ಲ ಮೇಡಂ, ಮೇಲಿಂದ ಆರ್ಡರ್ ಆಗಿದೆ” ಎಂದರು. ಬೆಳಕು ಹಿಡಿದರು, ತಟ್ಟಿದರು. ಟಕ್ಕೆಂದಿತು.

ಮೊದಲು ತಣ್ಣೀರು ತಾಗಿದರೆ ಜುಮ್ಮೆಂದಿತು, ಆಮೇಲೆ ಅಂಚಿಗೆ ಕಂದು ಗೆರೆ ಬಿತ್ತು, ಕೊನೆಗೆ ಕೀವು. ಬೇರೊಂದು ದವಾಖಾನೆಯಲ್ಲಿ ಆ ಫಿಲ್ಲಿಂಗು ಬಿಚ್ಚಿಸಿದೆವು. ಮೇಲಿನ ಚಿಪ್ಪು ಕಲ್ಲಿನಷ್ಟು ಗಟ್ಟಿ. ಅದರಡಿಯಲ್ಲಿದ್ದದ್ದು ಮೇಣದ ಹಾಗೆ ಕೆರೆದು ಬಂತು, ನಾನು ಕಣ್ಣಾರೆ ಕಂಡೆ. ಅರೆಬೆಂದ ರೆಸಿನ್ನು ನರದ ನೆತ್ತಿಯ ಮೇಲೆ ಕೂತಿತ್ತು, ಬಿಟ್ಟುಕೊಂಡ ಅಂಚಿನಿಂದ ಎಂಜಲು ಒಳಗಿಳಿದಿತ್ತು. ಹಲ್ಲು ಸಾಯದೆ ಇನ್ನೇನು ಮಾಡೀತು?

ಇದನ್ನು ಹೇಳಲು ನಿಮ್ಮ ಮುಂದೆ ಬಂದು ಕೂತೆವು. ನೀವು ಹಲ್ಲನ್ನು ನೋಡಲಿಲ್ಲ. ಅಕ್ಕನ ಮಡಿಲಲ್ಲಿದ್ದ ಕ್ಲಾರಿನೆಟ್ಟಿನ ಪೆಟ್ಟಿಗೆ ನೋಡಿದಿರಿ. “ಇಷ್ಟು ವರ್ಷ ಊದಿ ಊದಿ ನೀನೇ ಹಾಳು ಮಾಡ್ಕೊಂಡಿದೀಯಮ್ಮ. ಇನ್ನಾದ್ರೂ ಬಿಡು” ಎಂದಿರಿ. ಊದಿದರೆ ಗಟ್ಟಿಯಾದ ರೆಸಿನ್ನು ಮೇಣವಾಗುತ್ತದೆಂದು ಯಾವ ರಸಾಯನಶಾಸ್ತ್ರ ಹೇಳುತ್ತದೆ ಸ್ವಾಮಿ? ಅದೂ ತಳದಲ್ಲಿ ಮಾತ್ರ, ಮೇಲೆ ಚಿಪ್ಪು ಹಾಗೇ ಇರುವಾಗ? ದಪ್ಪಕ್ಕೆ ತುಂಬಲೆಂದೇ ತಯಾರಾದ ರೆಸಿನ್ನೂ ಈಗ ಬಂದಿದೆ ಎಂದಿರಿ. ಬಂದಿದೆ, ಒಪ್ಪಿದೆ. ನಿಮ್ಮ ಆಸ್ಪತ್ರೆ ಬಳಸುವುದು ಅದನ್ನಲ್ಲ, ಹಳೆಯದನ್ನೇ. ಪದಾರ್ಥ ಹಳೆಯದು, ಅವಸರ ಮಾತ್ರ ಹೊಸದು. ಜನಸಂದಣಿಯ ಕಷ್ಟ ನನಗೂ ಅರ್ಥವಾಗುತ್ತದೆ. ಏನೂ ತಿಳಿಯದ ಅಧಿಕಾರಿ ಈ ಆದೇಶಕ್ಕೆ ಸಹಿ ಹಾಕಿದ್ದರೆ ನಾಲ್ಕು ಮಾತು ಬೈದು ಸುಮ್ಮನಾಗುತ್ತಿದ್ದೆ. ಬೆಳಕು ತಳಕ್ಕೆ ಇಳಿಯುವುದಿಲ್ಲವೆಂದು ನನಗೆ ಕಲಿಸಿಕೊಟ್ಟ ಕೈಯೇ ಸಹಿ ಹಾಕಿದೆಯಲ್ಲ, ಅದು ನನ್ನ ಹೊಟ್ಟೆ ಉರಿಸುತ್ತದೆ.

ಅಂದಿನಿಂದ ಅಕ್ಕ ವಾದ್ಯ ಮುಟ್ಟಿಲ್ಲ. ಬೇರು ಶುಚಿ ಮಾಡಿ ಹಲ್ಲು ಉಳಿಸಬಹುದು, ಮತ್ತೆ ಕಟ್ಟಿದ ಮೇಲೆ ಊದಬಹುದು ಎಂದು ದವಾಖಾನೆಯವರು ಹೇಳಿದ್ದಾರೆ. ಅವಳು ಕಿವಿಗೇ ಹಾಕಿಕೊಳ್ಳುವುದಿಲ್ಲ. ವಾದ್ಯವೃಂದದವರು ಈ ತಿಂಗಳ ಕೊನೆಯವರೆಗೆ ಕಾಯುತ್ತಾರೆ, ಆಮೇಲೆ ಆ ಕುರ್ಚಿ ಬೇರೆಯವರಿಗೆ. ನಾನು ಗೋಗರೆದೆ, ಜಗಳವಾಡಿದೆ. “ಸುಮ್ನಿರೇ. ಅವರು ಹೇಳಿದಾರೆ ಅಂದ್ಮೇಲೆ ತಪ್ಪು ನಂದೇ ಇರುತ್ತೆ. ಅವರಿಗೆ ಗೊತ್ತಿಲ್ದೇ ಇರೋದು ಏನಿದೆ?” ಅನ್ನುತ್ತಾಳೆ.

ನನಗೆ ಪರಿಹಾರ ಬೇಡ, ವಿಷಾದ ಪತ್ರವೂ ಬೇಡ. ಬಾಗಿಲಿನ ಆ ಆದೇಶವನ್ನು ಕಿತ್ತು ಹಾಕಿ. ಅದಾದ ಮೇಲೆ, ತಿಂಗಳು ಮುಗಿಯುವುದರೊಳಗೆ, ನಮ್ಮ ಮನೆಗೆ ಬಂದು ಅವಳೆದುರು ಕೂತು, “ತಪ್ಪು ನಿಂದಲ್ಲ, ನಂದು” ಎಂದು ಹೇಳಿ ಹೋಗಿ. ನಾನು ಹೇಳಿದರೆ ಅವಳು ನಂಬುವುದಿಲ್ಲ. ಇಷ್ಟೆಲ್ಲ ಆದ ಮೇಲೂ ಅವಳು ನಂಬುವುದು ನಿಮ್ಮನ್ನೇ.

ಇಂತಿ,
ನಿಮ್ಮ ಪಾಠವನ್ನು ಇನ್ನೂ ಮರೆಯಲಾಗದ,
ಕ್ಲಾರಿನೆಟ್ಟಿನವಳ ತಂಗಿ