ಹೊಟ್ಟೆಯಲ್ಲಿ ಹಸಿರು

ಮಾರ್ಚ್ 3. ಬೆಳಿಗ್ಗೆ

ಮೀನಿಗೆ ತಿಂಡಿ ಹಾಕಿದ್ದಾಯಿತು. ಒಂದು ಚಿಟಿಕೆ ಎಂದಿದ್ದಳು ಅಕ್ಕ. ಸಂಜೆಯದನ್ನೂ ಈಗಲೇ ಸೇರಿಸಿ ಹಾಕಿಬಿಟ್ಟೆ — ನನ್ನ ಕನ್ನಡಕದಂಗಡಿಯಿಂದ ಬಂದವನೇ ಪುಸ್ತಕ ಹಿಡಿಯಬಹುದು. ನಾಳೆ ಮರೆತರೆ ಎಂದು ಮೇಲೊಂದು ಚಿಟಿಕೆ. ದಿನವೂ ಹೀಗೇ.

ನಡುಮನೆಯಲ್ಲಿ ನನ್ನ ಪುಸ್ತಕದ ಕಪಾಟಿಗೆ ಒತ್ತಿಕೊಂಡು ಅವಳ ಗಾಜಿನ ತೊಟ್ಟಿ. ಒಳಗೆ ಆರು ಲೋಚ್ ಮೀನು. ಬೆರಳುದ್ದ, ಹಾವಿನ ಮರಿಯಂಥ ಮೈ, ಹಳದಿಯ ಮೇಲೆ ಕಂದು ಪಟ್ಟೆ, ಬಾಯಿಯ ಸುತ್ತ ಮೀಸೆ. ಹೆಣ್ಣಿಗೂ ಮೀಸೆ. ಹಗಲೆಲ್ಲ ಮರಳಿನಲ್ಲಿ ಹೂತುಕೊಂಡಿರುತ್ತವೆ. ಬಂದವರಿಗೆ ಖಾಲಿ ನೀರು ತೋರಿಸಿ ಹೆಮ್ಮೆಪಡುವವಳು ಅಕ್ಕ ಒಬ್ಬಳೇ.

ಬಚ್ಚಲಿನಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆಗಿ ಈಗ ಆರೈಕೆ ಕೇಂದ್ರದಲ್ಲಿದ್ದಾಳೆ. ಸ್ಟ್ರೆಚರ್ ಮೇಲೆ ಹೋಗುವಾಗ ಹೇಳಿದ್ದು ಇಷ್ಟೇ: "ತಿಂಡಿ ಜಾಸ್ತಿ ಹಾಕ್ಬೇಡ. ಮುಚ್ಚಳ ಮರೀಬೇಡ, ಅವು ಹಾರ್ತವೆ." ತನ್ನ ನೋವಿನ ಸುದ್ದಿಯೇ ಇಲ್ಲ.

ಮಾರ್ಚ್ 6

ಆರೈಕೆ ಕೇಂದ್ರದ ಫಿಜಿಯೋಥೆರಪಿ ಹುಡುಗಿ ನನ್ನನ್ನು ಕಾರಿಡಾರಿಗೆ ಕರೆದು ಹೇಳಿದಳು. ಅಕ್ಕ ವಾರ್ಡನ್ನೆಲ್ಲ ನಗಿಸುತ್ತಾಳೆ, ಕಾಲು ಮಾತ್ರ ನೆಲಕ್ಕೆ ಊರುವುದಿಲ್ಲ. ಈಗ ನಡೆಯದಿದ್ದರೆ ಮುಂದೆ ನಡೆಯುವುದು ಕಷ್ಟ. ವಾಕರ್ ಮೂಲೆಯಲ್ಲೇ ನಿಂತಿದೆ, ಮೇಲೆ ಟವೆಲ್ ಒಣಗುತ್ತಿದೆ.

ಇಡೀ ಜೀವಮಾನ ಪಿ.ಟಿ. ಟೀಚರ್ ಆಗಿದ್ದವಳು. "ಊರ ಮಕ್ಕಳನ್ನೆಲ್ಲ ಓಡಿಸಿದ್ದಾಯ್ತಲ್ಲ, ಇನ್ನು ನಾನು ಕೂತ್ಕೋತೀನಿ ಬಿಡೋ" ಎಂದಳು. ನಕ್ಕಳು. ಹೆದರಿದ್ದಾಳೆ. ಅವಳು ಹೆದರಿದ್ದನ್ನು ನಾನು ನೋಡಿದ್ದೇ ಇಲ್ಲ. ಎಲ್ಲಿ ನೋಡಬೇಕೋ ತಿಳಿಯದೆ ಟವೆಲ್ ನೋಡಿದೆ.

ಮೀನು ಹೇಗಿವೆ ಎಂದಳು. ನಾನೆಲ್ಲಿ ನೋಡಿದ್ದೆ. ದಪ್ಪ ಆಗಿವೆ ಎಂದೆ.

"ಹೊಟ್ಟೆ ದಪ್ಪ ಆಗಿದ್ಯಾ?"

"ಹೂಂ."

"ಮೊಟ್ಟೆ ಕಣೋ ಅದು."

ದಿಂಬು ಬಿಟ್ಟು ಎದ್ದು ಕೂತಳು. ಅವು ಮರಿ ಮಾಡಲಿ ಎಂದು ಎಷ್ಟು ವರ್ಷದ ಆಸೆ. ಮನೆಯ ತೊಟ್ಟಿಯಲ್ಲಿ ಅದೆಲ್ಲ ಆಗುವ ಮಾತಲ್ಲ ಎಂದು ಮೀನಿನ ಅಂಗಡಿಯವನು ರೇಗಿಸುತ್ತಲೇ ಬಂದಿದ್ದಾನೆ. ಗೊತ್ತಿಲ್ಲ ಎನ್ನಬಹುದಿತ್ತು. ಇರಬಹುದು ಎಂದೆ. ಅವಳು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದಳು. ಇದೆ ಎಂದೆ. ನಾನೇ ನೋಡಿದೆ ಎಂದೂ ಸೇರಿಸಿದೆ — ಯಾರೂ ಕೇಳಿರಲಿಲ್ಲ.

"ಆ ವಾಕರ್ ಇತ್ಲಾಗೆ ತಾ" ಎಂದಳು ಅಕ್ಕ.

ಮಾರ್ಚ್ 7

ಫಿಜಿಯೋ ಫೋನ್. ಬಾಗಿಲವರೆಗೆ ಹೋಗಿ ಬಂದಳಂತೆ. ಮರಿ ಬರುವ ಮೊದಲು ಮನೆ ಸೇರಬೇಕು ಎಂದು ಎಲ್ಲರಿಗೂ ಹೇಳಿದ್ದಾಳೆ. "ಏನು ಮಂತ್ರ ಹಾಕಿದ್ರಿ ಸಾರ್?"

ಖುಷಿಯಾಯಿತು. ಆಗಬಾರದಿತ್ತು, ಆದರೂ ಆಯಿತು.

ಮಾರ್ಚ್ 11. ಸಂಜೆ

ಮೀನಿನ ಅಂಗಡಿಗೆ ಹೋಗಿದ್ದೆ. ಗಂಡು ಹೆಣ್ಣು ಗುರುತಿಸುವುದು ಹೇಗೆಂದು ಕೇಳಿದೆ. ಕಿವಿರಿನ ಹಿಂದಿನ ಜೋಡಿ ರೆಕ್ಕೆ ನೋಡಬೇಕಂತೆ. ಗಂಡಿಗೆ ಅದು ಅಗಲ, ಅದರ ಮುಂದಿನ ಎಲುಬು ದಪ್ಪ. ಹೆಣ್ಣಿಗೆ ಚಿಕ್ಕದು, ತೆಳ್ಳಗೆ. ಮೊಟ್ಟೆ ತುಂಬಿದ್ದರೆ ಹೊಟ್ಟೆಯ ಚರ್ಮದಾಚೆ ಹಸಿರು ಕಾಣುತ್ತದೆ. ಹೊಟ್ಟೆ ದಪ್ಪಗಿದ್ದರೆ ಸಾಲದೇ ಎಂದೆ.

"ಹಾಕಿದ್ದೆಲ್ಲ ತಿಂದ್ರೆ ಗಂಡೂ ಬಸುರೀನೇ ಸಾರ್" ಎಂದ. ಜೊತೆಗೆ ನಾನೂ ನಕ್ಕೆ.

ನನ್ನ ಅಂಗಡಿಯ ಭೂತಗನ್ನಡಿ ಜೇಬಿನಲ್ಲಿ ಹಾಕಿಕೊಂಡು ಬಂದಿದ್ದೆ. ತೊಟ್ಟಿಯ ಮುಂದೆ ಮಂಡಿಯೂರಿದೆ. ಅಕ್ಕ ಇದನ್ನು ತಂದ ಮೇಲೆ ಇಷ್ಟು ಹತ್ತಿರ ಮುಖ ತಂದದ್ದು ಇದೇ ಮೊದಲು. ಒಂದೊಂದೇ ಗಾಜಿಗೆ ಬಂದವು. ಅಗಲ ರೆಕ್ಕೆ. ಅಗಲ ರೆಕ್ಕೆ. ಮತ್ತೆ ಅಗಲ. ಐದು ಕಂಡವು, ಐದೂ ಗಂಡು. ಐದಕ್ಕೂ ಗುಡಾಣದಂಥ ಹೊಟ್ಟೆ. ಹಸಿರು ಎಲ್ಲೂ ಇಲ್ಲ. ಹೊಟ್ಟೆಯಲ್ಲಿರುವುದು ನನ್ನ ಸೋಮಾರಿತನ.

ಆರನೆಯದು ಕಲ್ಲಿನಡಿಯಿಂದ ಬರಲೇ ಇಲ್ಲ. ಅದೂ ಅಷ್ಟೇ ಇರಬೇಕು.

ಮಾರ್ಚ್ 12

ಹೇಳಿಬಿಡಲೆಂದೇ ಫೋನ್ ಮಾಡಿದೆ. ಅವಳು ಮೆಟ್ಟಿಲು ಹತ್ತಿದ್ದಳು. ಮೂರೇ ಮೆಟ್ಟಿಲು, ಆದರೆ ಪರ್ವತ ಹತ್ತಿದವಳ ದನಿ. ಊಟ ಆಯ್ತಾ ಎಂದು ಕೇಳಿ ಇಟ್ಟುಬಿಟ್ಟೆ.

ನಾನು ಓದುವ ಅನುವಾದದ ಕಾದಂಬರಿಗಳಲ್ಲಿ ಜನ ಮಾತು ಮಾತಿಗೆ "ನನ್ನನ್ನು ಕ್ಷಮಿಸು" ಎನ್ನುತ್ತಾರೆ. ತಾಯಿಗೆ, ತಮ್ಮನಿಗೆ, ಕುದುರೆಗೆ ಕೂಡ. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡಿದ್ದಿಲ್ಲ. ಜಗಳ ಮುಗಿದರೆ ಅಕ್ಕ ತಟ್ಟೆ ಹಾಕುತ್ತಿದ್ದಳು, ನಾನು ಕೂರುತ್ತಿದ್ದೆ. ಅಷ್ಟೇ. ಈಗ ತಟ್ಟೆ ಹಾಕಬೇಕಾದವನು ನಾನು. ಅಭ್ಯಾಸವಿಲ್ಲ.

ಮಾರ್ಚ್ 15. ಬೆಳಿಗ್ಗೆ

ಆರನೆಯದು ಹೊರಬಂತು.

ರೆಕ್ಕೆ ಚಿಕ್ಕದು. ಎರಡು ಸಲ ನೋಡಿದೆ, ಭೂತಗನ್ನಡಿ ಒರೆಸಿ ಮತ್ತೆ ನೋಡಿದೆ. ಹೊಟ್ಟೆಯ ಹಿಂಭಾಗದಲ್ಲಿ ಹೆಸರುಕಾಳಿನ ಹಸಿರು. ಚರ್ಮದೊಳಗೆ ಯಾರೋ ಸಣ್ಣ ದೀಪ ಹಚ್ಚಿಟ್ಟ ಹಾಗೆ. ತಿರುಗಿತು, ಬೆಳಕು ಬಿತ್ತು, ಒಳಗೆ ಕಾಳು ಕಾಳಾಗಿ ಕಂಡಿತು.

 ಕುರುಡ ಎಸೆದ ಕಲ್ಲಿಗೆ ಮಾವಿನಕಾಯಿ ಬಿದ್ದಿದೆ.

ಅಕ್ಕನಿಗೆ ಹೇಳಿದೆ. ಹೇಗೆ ಹೇಳಿದೆ ಎನ್ನುವುದನ್ನೂ ಬರೆಯಬೇಕು: "ನಾನು ಅವತ್ತೇ ಹೇಳಿರ್ಲಿಲ್ವಾ?" ಎಂದೆ. ಫೋನಿನ ಆ ಕಡೆಯಿಂದ ಮೂಗು ಎಳೆದುಕೊಂಡ ಸದ್ದು. ಆಮೇಲೆ, "ಫೋಟೋ ಕಳ್ಸೋ. ಹಸಿರು ಕಾಣೋ ಹಾಗೆ ತೆಗಿ."

ಮಾರ್ಚ್ 19. ಮಧ್ಯಾಹ್ನ, ಅಂಗಡಿಯಲ್ಲಿ

ಬೆಳಿಗ್ಗೆ ತೊಟ್ಟಿಯ ಅರ್ಧ ನೀರು ಬದಲಿಸಿದೆ. ಉಳಿದ ತಿಂಡಿ ಕೊಳೆತು ನೀರು ಮಬ್ಬಾಗಿತ್ತು, ಫೋಟೋ ಬರುತ್ತಿರಲಿಲ್ಲ. ನಲ್ಲಿಯ ತಣ್ಣೀರು ಬಿದ್ದದ್ದೇ ತಡ, ಆರೂ ಎದ್ದು ಗಾಜಿಗುಂಟ ಮೇಲೆ ಕೆಳಗೆ ಓಡತೊಡಗಿದವು. ಗಾಜಿನಲ್ಲಿ ನನ್ನದೇ ಮುಖ ಅಡ್ಡ ಬರುತ್ತಿತ್ತು. ಮುಚ್ಚಳ ತೆಗೆದು ಮೇಲಿನಿಂದ ತೆಗೆದೆ. ಒಂದು ಚೆನ್ನಾಗಿ ಬಂತು. ಕಳಿಸಿದೆ.

ಕೂಡಲೇ ಅಕ್ಕನ ಫೋನ್. ಕಿಟಕಿ ಪಕ್ಕದ ಹಾಸಿಗೆಯ ಅಜ್ಜಿಗೂ ಕೊಟ್ಟಳು. ಅಜ್ಜಿ: "ನಿಮ್ಮನೇ ಹುಡುಗಿಗೆ ದಿನ ತುಂಬಿದ್ಯಂತಲ್ಲ, ಬಾಣಂತನ ಯಾರು ಮಾಡೋರು?" ನಾನೇ ಎಂದೆ. ನಗು ಬಂದು ಬಾಲ್ಕನಿಗೆ ಹೋದೆ, ಅಲ್ಲೇ ನಿಂತು ಮಾತಾಡಿದೆ. ಹೊತ್ತಾಯಿತೆಂದು ಹಾಗೇ ಚಪ್ಪಲಿ ಮೆಟ್ಟಿ ಬಂದೆ.

ಮುಚ್ಚಳ —

ಮಾರ್ಚ್ 20

ಕಪಾಟಿನ ಕೆಳಗೆ ಸಿಕ್ಕಿತು. ಒಣಗಿದ ರಬ್ಬರ್ ಬ್ಯಾಂಡ್ ಹಾಗೆ. ಧೂಳು ಮೆತ್ತಿತ್ತು. ಇಷ್ಟು ದೂರ ತೆವಳಿತ್ತೇ ಎನಿಸಿತು.

ಭೂತಗನ್ನಡಿ ಬೇಕಾಗಲಿಲ್ಲ. ಹಸಿರು ಇನ್ನೂ ಇತ್ತು.

ಕನ್ನಡಕ ಒರೆಸುವ ಬಟ್ಟೆಯಲ್ಲಿ ಸುತ್ತಿ ಬಾಲ್ಕನಿಯ ಕುಂಡದಲ್ಲಿ ಹೂತೆ. ಉಳಿದ ಐದು ಮರಳಿನಲ್ಲಿ ಮಲಗಿವೆ. ಹೊಟ್ಟೆ ತುಂಬಿದ ಗಂಡುಗಳು.

ಮಾರ್ಚ್ 24

ಮೀನಿನ ಅಂಗಡಿಗೆ ಮತ್ತೆ ಹೋದೆ. ಇನ್ನೊಂದು ಹೆಣ್ಣು ತಂದು ಬಿಟ್ಟರೆ ಯಾರಿಗೆ ಗೊತ್ತಾಗುತ್ತದೆ. ದಾರಿಯುದ್ದಕ್ಕೂ ಇದೇ ಲೆಕ್ಕ. ಬಾಯಿ ತೆರೆಯುವ ಮುಂಚೆ ಅವನೇ ಒಳಗಿನಿಂದ ಪುಟ್ಟ ತೊಟ್ಟಿಯೊಂದನ್ನು ತಂದ. ಟೀಚರ್ ಫೋನ್ ಮಾಡಿದ್ದರಂತೆ, ಮರಿಗಳಿಗೆ ಬೇರೆ ತೊಟ್ಟಿ ಬೇಕೆಂದು.

"ನಾನು ಸೋತೆ ಅಂತ ಟೀಚರಿಗೆ ಹೇಳಿ ಸಾರ್. ಮೊದಲ ಮರಿ ನೋಡೋಕೆ ನಾನೇ ಬರ್ತೀನಿ."

ಮೀನು ಕೇಳಲು ಆಗಲಿಲ್ಲ. ಖಾಲಿ ತೊಟ್ಟಿಯನ್ನು ಎದೆಗವಚಿಕೊಂಡು ಮನೆಗೆ ನಡೆದೆ. ಕೆಳಮನೆಯವರು ಏನಿದು ಎಂದರು. ಅಕ್ಕನದು ಎಂದೆ.

ದಿನವೂ ಫೋನ್ ಮಾಡುತ್ತಾಳೆ. ದಿನವೂ "ಚೆನ್ನಾಗಿದೆ" ಎನ್ನುತ್ತೇನೆ. ಯಾವುದು ಚೆನ್ನಾಗಿದೆ ಎಂದು ಅವಳು ಕೇಳುವುದಿಲ್ಲ.

ಮಾರ್ಚ್ 29. ಸಂಜೆ

ಅಕ್ಕ ಬಂದಳು. ಕಾರಿನಿಂದ ಬಾಗಿಲವರೆಗೆ ತಾನೇ ನಡೆದಳು. ಹಿಡಿಯಲು ಹೋದರೆ ಕೈ ತಳ್ಳಿದಳು. ತೆಳ್ಳಗಾಗಿದ್ದಾಳೆ.

ಕೋಣೆಗೂ ಹೋಗಲಿಲ್ಲ, ನೀರೂ ಕುಡಿಯಲಿಲ್ಲ. ನೇರ ತೊಟ್ಟಿಯ ಮುಂದೆ. ಪಕ್ಕದಲ್ಲಿ ಪುಟ್ಟ ತೊಟ್ಟಿ ನೋಡಿ, "ಪರವಾಗಿಲ್ವೇ, ತೊಳೆದೂ ಇಟ್ಟಿದ್ದೀಯ" ಎಂದಳು. ಇವತ್ತೇ ಹೇಳಬೇಕು, ಮೊದಲು ಕೂರಲಿ ಎಂದುಕೊಂಡೆ. ಕುರ್ಚಿ ಎಳೆದೆ. ಬೇಡ ಎಂದಳು. ನಿಂತು ಅಭ್ಯಾಸ ಮಾಡಬೇಕಂತೆ.

ಬೆರಳು ತೋರಿಸುತ್ತ ಎಣಿಸಿದಳು.

"ಐದೇ ಇದ್ದಾವೆ."

"ಅವಿತಿರ್ಬೇಕು" ಎಂದೆ. ಹೀಗೆ ನನ್ನ ಬಾಯಿಂದ ಬಂತು. ನಾನು ಯೋಚಿಸಿಯೂ ಇರಲಿಲ್ಲ.

"ಹೊಟ್ಟೆ ಭಾರ ಅಲ್ವಾ, ಪಾಪ. ಬರ್ಲಿ ಬಿಡು, ಕಾಯೋಣ. ಆ ದೊಡ್ಡ ಲೈಟ್ ಆರ್ಸು."

ಆರಿಸಿದೆ. ಇಲ್ಲಿ, ನನ್ನ ಕೋಣೆಯ ಬಾಗಿಲ ಹತ್ತಿರ ಕೂತು ಬರೆಯುತ್ತಿದ್ದೇನೆ. ತೊಟ್ಟಿಯ ಬೆಳಕಿನಲ್ಲಿ ಅವಳ ಬೆನ್ನು ಕಾಣುತ್ತದೆ. ವಾಕರ್ ಪಕ್ಕಕ್ಕೆ ಸರಿಸಿದ್ದಾಳೆ. ಮೇಜಿನ ಅಂಚು ಹಿಡಿದು, ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಂತಿದ್ದಾಳೆ. ಮೈದಾನದಲ್ಲಿ ನಿಲ್ಲುತ್ತಿದ್ದ ಹಾಗೆ, ನೆಟ್ಟಗೆ. ಇಷ್ಟು ಹೊತ್ತು ನಿಂತದ್ದನ್ನು ನೋಡಿದರೆ ಆ ಫಿಜಿಯೋ ಹುಡುಗಿ ಅಳುತ್ತಿದ್ದಳು.

ಕರೆಯುತ್ತಿದ್ದಾಳೆ. "ಬಾರೋ ಬೇಗ, ಕಲ್ಲಿನ ಹತ್ರ ಮರಳು ಅಲ್ಲಾಡ್ತು."

ಅದು ಐದರಲ್ಲಿ ಒಂದು.

ಹೋಗುತ್ತೇನೆ. ಹೇಳುತ್ತೇನೆ. ಮೊದಲು ಆ ಕುರ್ಚಿಯನ್ನು ಸದ್ದಾಗದಂತೆ ಅವಳ ಹಿಂದೆ ಇಟ್ಟು, ಆಮೇಲೆ —