ಎಡಮಗ್ಗುಲು ಬಿಳಿಚಿದ ಕೆಂಪು ಬೈಕು

ವಿರ್ರಾಬಿಲ್ಲ, ಬ್ರೋಕನ್ ಹಿಲ್ ರಸ್ತೆ
ಭಾನುವಾರ, ಜುಲೈ 14

ಪ್ರೀತಿಯ ತಮ್ಮಾ ಕ್ಲಿಂಟ್,

ಹೇಗಿದ್ದೀಯೋ? ಸೀಗಡಿ ಮುಳ್ಳು ಚುಚ್ಚಿ ಕೈ ಊದಿಕೊಂಡಿದೆ ಎಂದು ಈಸ್ಟರ್ ಹೊತ್ತಿಗೆ ಎರಡು ಸಾಲು ಗೀಚಿದ್ದೆ, ಆಮೇಲೆ ಸುದ್ದಿಯೇ ಇಲ್ಲ. ಕೈ ಇದೆ ತಾನೇ? ಇದ್ದರೆ ಅದರಿಂದಲೇ ಒಂದು ಕಾಗದ ಬರೆಯಬಹುದಿತ್ತಲ್ಲ ಮಹಾನುಭಾವ! ದೋಣಿಯ ಮೇಲೆ ಸರಿಯಾಗಿ ಊಟ ಮಾಡುತ್ತೀಯೋ ಇಲ್ಲವೋ, ಬಿಸಿಲಿಗೆ ಟೋಪಿ ಹಾಕುತ್ತೀಯೋ ಇಲ್ಲವೋ, ಇವನ್ನೆಲ್ಲ ಕೇಳಿದರೆ ಅಕ್ಕನ ಪುರಾಣ ಶುರುವಾಯಿತು ಎಂದು ನಗುತ್ತೀಯ. ನಗು. ನಾನು ಚೆನ್ನಾಗಿಯೇ ಇದ್ದೇನೆ. ಸೊಂಟ ಮಾತ್ರ ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ಸೀಟಿನ ಮೇಲೆ ಕುಳಿತು ಬೈಕು ಕುಲುಕಿದರೆ ಜೀವ ಹೋಗುತ್ತದೆ, ಹಾಗಾಗಿ ನಿನ್ನ ಹಾಗೆ ನಾನೂ ಈಗ ನಿಂತುಕೊಂಡೇ ಓಡಿಸುತ್ತೇನೆ. ಇದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಆಗಸ್ಟ್‌ನಲ್ಲಿ ನಿಮ್ಮ ಸೀಗಡಿ ದೋಣಿ ಹೊರಟುಬಿಟ್ಟರೆ ನವೆಂಬರ್‌ವರೆಗೆ ನೀನು ಸಿಕ್ಕುವುದಿಲ್ಲ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ. ಜಮೀನು ಕೊಟ್ಟುಬಿಡೋಣ ಎಂದುಕೊಂಡಿದ್ದೇನೆ. ಅಡಿಲೇಡ್‌ನ ಕಂಪನಿಯೊಂದು ಕೇಳುತ್ತಿದೆ. ಉಣ್ಣೆ ಕತ್ತರಿಸಿದ ಮೇಲೆ, ಸೆಪ್ಟೆಂಬರ್‌ನಲ್ಲಿ ಸಾಮಾನೆಲ್ಲ ಬಯಲಿಗೆ ತಂದು ಸಾಲಾಗಿ ಇಟ್ಟು ಹರಾಜು ಹಾಕಿಸಿ, ಊರಲ್ಲಿ ಒಂದು ಪುಟ್ಟ ಮನೆ ನೋಡಿಕೊಳ್ಳುವುದು. ಕುರಿ, ಬೇಲಿ, ನೀರಿನ ಪಂಪು ಇವೆಲ್ಲ ನನ್ನ ಕೈ ಮೀರಿದ್ದೇನಲ್ಲ. ಆದರೆ ದಿನವಿಡೀ ನಾಯಿಯ ಜೊತೆ ಮಾತ್ರ ಮಾತಾಡಿ ನನ್ನ ಗಂಟಲು ಕಟ್ಟಿಹೋಗಿದೆಯೋ. ಮಗ್ಸಿ ಒಳ್ಳೆಯ ನಾಯಿ, ಆದರೆ ಎದುರು ಮಾತಾಡುವುದಿಲ್ಲ. ಮೊನ್ನೆ ಟಪಾಲಿನವನು ಬಂದಾಗ ಅವನನ್ನು ಹೋಗಲು ಬಿಡದೆ ಮಳೆ, ಗಾಳಿ, ಅವನ ಹೆಂಡತಿಯ ಹಲ್ಲುನೋವು ಎಲ್ಲ ವಿಚಾರಿಸಿದೆ. ಪಾಪ, ಅವನು ಎಂಜಿನ್ ಆರಿಸಿರಲಿಲ್ಲ, ಒಂದು ಕಾಲು ಗಾಡಿಯಲ್ಲೇ ಇತ್ತು. ಅವತ್ತು ನನಗೇ ನಾಚಿಕೆಯಾಯಿತು. ನೀನು ಬರುವುದಾದರೆ ಸಂಗತಿ ಬೇರೆ. ನೀನು ಬರುವುದಿಲ್ಲ ಎಂದರೆ ನಾನು ಇದನ್ನೆಲ್ಲ ಯಾರಿಗಾಗಿ ಕಾಯಲಿ?

ಹರಾಜಿಗೆ ಇಡಬೇಕೆಂದರೆ ನಿನ್ನ ಬೈಕನ್ನು ಸ್ವಲ್ಪ ನೋಡುವಂತೆ ಮಾಡಬೇಕಲ್ಲ ಎಂದು ಶೆಡ್‌ನ ನಡುವಿಗೆ ಎಳೆದುಕೊಂಡೆ. ಅದರ ಸ್ಥಿತಿ ಏನು ಹೇಳಲಿ! ಅಪ್ಪ ನಿನಗೆ ಹದಿನೆಂಟು ತುಂಬಿದಾಗ ತಂದುಕೊಟ್ಟಾಗ ಟೊಮೇಟೊ ಹಣ್ಣಿನಂತಿದ್ದ ನಾಲ್ಕು ಚಕ್ರದ ಬೈಕು ಈಗ ಪಕ್ಕದ ಜಮೀನಿನ ನೆವ್ ಟ್ರೆಲೋರ್‌ನ ಕಟ್ಟಿಸಿಕೊಂಡ ಹಲ್ಲಿನ ವಸಡಿನ ಬಣ್ಣಕ್ಕೆ ತಿರುಗಿದೆ. ಕೈ ಆಡಿಸಿದರೆ ಪ್ಲಾಸ್ಟಿಕ್ಕಿನಿಂದ ಸುಣ್ಣದ ಹಾಗೆ ಬಿಳಿ ಪುಡಿ ಬರುತ್ತದೆ. ನಾಯಿಯ ಚಾಪೆ ಕಟ್ಟಿದ್ದ ಹಿಂದಿನ ಜಾಗವೊಂದರಲ್ಲಿ ಮಾತ್ರ ಹಳೆಯ ಕೆಂಪು ಹಾಗೇ ಉಳಿದಿತ್ತು. ಅದನ್ನು ನೋಡದೇ ಇದ್ದಿದ್ದರೆ ಸೋಪು ಹಾಕಿ ತೊಳೆದು ಸುಮ್ಮನಾಗುತ್ತಿದ್ದೆನೋ ಏನೋ. ನೋಡಿದ ಮೇಲೆ ಹಟ ಬಂತು. ಮಡ್‌ಗಾರ್ಡ್‌ಗಳನ್ನೆಲ್ಲ ಬಿಚ್ಚಿ, ತೊಳೆದು, ಒಣಗಿಸಿ, ಅಗಸೆ ಎಣ್ಣೆ ಹಚ್ಚಿದೆ. ಹಚ್ಚಿದ ತಕ್ಷಣ ಎಂಥ ಕೆಂಪು ಅಂತೀ! ಒಣಗಲಿ ಎಂದು ಹೊರಗೆ ಬೇಲಿಗೆ ಒರಗಿಸಿಟ್ಟು ಟೀ ಕುಡಿಯಲು ಹೋದೆ. ಬುದ್ಧಿ ಇರುವವರು ಯಾರಾದರೂ ಈ ಊರಲ್ಲಿ ಎಣ್ಣೆ ಹಚ್ಚಿದ ಸಾಮಾನನ್ನು ಹೊರಗಿಡುತ್ತಾರಾ? ಒಂದು ಸುಂಟರಗಾಳಿ ಎದ್ದು ಬಂದು ಅಂಗಳದ ಧೂಳನ್ನೆಲ್ಲ ಬಳಿದು ಹೋಯಿತು. ಕರಿಯಲು ಹಿಟ್ಟಿನಲ್ಲಿ ಹೊರಳಿಸಿದ ಮೀನಿನ ಹಾಗೆ ಕಾಣುತ್ತಿದ್ದವು. ಬೈಯೋಣವೆಂದರೆ ನಾಯಿ ಬಿಟ್ಟು ಯಾರೂ ಇರಲಿಲ್ಲ.

ಮತ್ತೆ ತೊಳೆದು, ಗೀರುಗಳಿದ್ದ ಕಡೆ ನೀರು ಹಾಕಿ ಉಪ್ಪುಕಾಗದದಿಂದ ಉಜ್ಜಿ, ಈ ಸಲ ಅಪ್ಪ ಬಾಗಿಲಿನ ಹಳೆ ಪೇಂಟ್ ಕೀಳಲು ಇಟ್ಟುಕೊಂಡಿದ್ದ ಬಿಸಿಗಾಳಿಯ ಗನ್ನು ಹುಡುಕಿ ತೆಗೆದೆ. ಅದನ್ನು ಹಿಡಿದು ಬಿಳಿಚಿದ ಪ್ಲಾಸ್ಟಿಕ್ಕಿನ ಮೇಲೆ ಸಾವಕಾಶ ಆಡಿಸುತ್ತಾ ಹೋದರೆ ಒಳಗಿನ ಬಣ್ಣ ತಾನಾಗಿಯೇ ಮೇಲಕ್ಕೆ ಬರುತ್ತದೆ. ಒಂದೇ ಕಡೆ ನಿಂತರೆ ಮೆತ್ತಗಾಗಿ ಕೆಟ್ಟುಹೋಗುತ್ತದೆ. ಸುಮ್ಮನೆ ಆಡಿಸುತ್ತಲೇ ಇರಬೇಕು. ಮೊದಲ ಪಟ್ಟಿ ಕೆಂಪಾದಾಗ ನಾನು ಒಬ್ಬಳೇ ಶೆಡ್‌ನಲ್ಲಿ “ಅಯ್ಯೋ ನೋಡಿಲ್ಲಿ!” ಎಂದು ಜೋರಾಗಿ ಕೂಗಿದೆ. ಯಾರಿಗೆ ನೋಡಲು ಹೇಳಿದೆನೋ! ಮುಂದಿನ ಮಡ್‌ಗಾರ್ಡ್‌ನಲ್ಲಿ ನೀನು ಮೊದಲ ದಿನವೇ ಶೆಡ್‌ನ ಕಂಬಕ್ಕೆ ಗುದ್ದಿದಾಗ ಮಡಚಿ ಬಿದ್ದ ಬಿಳಿ ಗೆರೆ ಇದೆಯಲ್ಲ, ಬಿಸಿ ತಾಗಿದರೆ ಅಂಥ ಗೆರೆಯೂ ಅಳಿಸಿಹೋಗುತ್ತದೆ. ಅಲ್ಲಿಗೆ ಬಂದಾಗ ಗನ್ನು ಪಕ್ಕಕ್ಕೆ ತಿರುಗಿಸಿದೆ. ಅದು ಹಾಗೇ ಇರಲಿ.

ಈಗ ಹೇಳುವುದನ್ನು ಸ್ವಲ್ಪ ಕುಳಿತು ಓದು. ಬಲಮಗ್ಗುಲು ಪೂರ್ತಿ ಕೆಂಪಾಯಿತು, ಹಿಂಬದಿಯೂ ಆಯಿತು, ಎಡಮಗ್ಗುಲು ಮಾತ್ರ ಏನು ಮಾಡಿದರೂ ಬರಲಿಲ್ಲ. ಅಲ್ಲಿ ಪ್ಲಾಸ್ಟಿಕ್ಕು ಬಿಸಿಲಿಗೆ ಸುಟ್ಟು ಒರಟಾಗಿ, ಸಣ್ಣ ಸಣ್ಣ ಬಿರುಕು ಬಿಟ್ಟಿದೆ. ಒಂದೇ ಬೈಕು, ಒಂದೇ ಶೆಡ್, ಒಂದು ಮಗ್ಗುಲಿಗೆ ಮಾತ್ರ ಇಷ್ಟು ಬಿಸಿಲು ಎಲ್ಲಿಂದ ಬಿತ್ತು ಎಂದು ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು, ಕೈಯಿಂದ ಗನ್ನು ಕೆಳಗಿಟ್ಟು ಡಬ್ಬದ ಮೇಲೆ ಕುಳಿತುಬಿಟ್ಟೆ. ನೀನು ಟಗರುಗಳ ಗೇಟು ಹಾಕದೆ ಬಂದು, ಅವು ಹೆಣ್ಣು ಕುರಿಗಳ ಮಂದೆಗೆ ನುಗ್ಗಿ, ಕಡು ಬೇಸಿಗೆಯಲ್ಲಿ ಮರಿ ಹುಟ್ಟಿ ಸತ್ತವಲ್ಲ, ಆಗ ಅಪ್ಪ ಊಟದ ಮೇಜಿನ ಮುಂದೆ “ಒಂದು ಗೇಟ್ ಹಾಕೋಕ್ ಬರದವ್ನು ನನ್ನ ಮನೇಲಿ ಇರೋದೇ ಬೇಡ” ಎಂದರು. ನೀನು ಎದ್ದು ಹೋದೆ. ಹೋಗುವಾಗ ಗಾಡಿಯಿಂದಿಳಿದು ದೊಡ್ಡ ಗೇಟನ್ನು ಎಳೆದು, ಸರಪಳಿ ಸಮೇತ ಹಾಕಿ ಹೋದೆ. ಅದನ್ನು ಅಪ್ಪ ಕಿಟಕಿಯಲ್ಲಿ ನಿಂತು ನೋಡಿದರು. ಅಂದಿನಿಂದ ಸಾಯುವ ತನಕ ದಿನಾ ಮಧ್ಯಾಹ್ನ ಊಟವಾದ ಮೇಲೆ “ಗೇಟ್ ಭದ್ರವಾಗಿದ್ಯಾ ನೋಡ್ಕೊಂಡ್ ಬರ್ತೀನಿ” ಎಂದು ನಿನ್ನ ಬೈಕು ಹತ್ತಿ ಹೋಗುತ್ತಿದ್ದರು, ಹೊತ್ತು ಮುಳುಗಿದ ಮೇಲೆ ಬರುತ್ತಿದ್ದರು. ಗೇಟು ಭದ್ರವಾಗಿದೆಯೋ ಇಲ್ಲವೋ ನೋಡಲು ಅಷ್ಟು ಹೊತ್ತು ಬೇಕೇ? ನಾನು ಗೇಟು ಕಾಣದ ಹಿಂಬದಿಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಮುದುಕನಿಗೆ ಮನೆಯೊಳಗೆ ಬೇಜಾರು ಎಂದುಕೊಳ್ಳುತ್ತಿದ್ದೆ. ರಸ್ತೆಯ ಕಡೆ ಮುಖ ಮಾಡಿ ಬೈಕು ನಿಲ್ಲಿಸಿದರೆ ಇಳಿಬಿಸಿಲು ಬೀಳುವುದು ಎಡಮಗ್ಗುಲಿಗೇ ಕಣೋ. ಅಷ್ಟು ವರ್ಷ, ಒಂದೇ ಜಾಗದಲ್ಲಿ, ಒಂದೇ ಕಡೆ ಮುಖ ಮಾಡಿ ಕುಳಿತಿದ್ದಾರೆ. ಬಾಯಿಬಿಟ್ಟು ನಿನ್ನ ಹೆಸರು ಹೇಳಲಿಲ್ಲ, ಅವರ ಜಾಯಮಾನ ನಿನಗೆ ಗೊತ್ತು. ಅವರನ್ನು ಮಣ್ಣು ಮಾಡಿದ ದಿನ ನೀನು ಗೇಟಿನ ತನಕ ಬಂದು ಹಾಗೇ ತಿರುಗಿ ಹೋಗಿದ್ದು ನನಗೆ ಗೊತ್ತು. ಧೂಳು ಕಂಡಿತ್ತು. ಯಾರಿಗೂ ಹೇಳಲಿಲ್ಲ. ಅವರು ನಿನಗಾಗಿ ಕಾಯುತ್ತಿದ್ದ ಜಾಗದಲ್ಲೇ ನೀನು ನಿಂತು ಹೋಗಿದ್ದೀಯ.

ಮಡ್‌ಗಾರ್ಡ್‌ಗಳನ್ನು ಮತ್ತೆ ಕೂಡಿಸಿ, ನಿನ್ನೆ ಬೆಳಿಗ್ಗೆ ಗಡಿಯ ಪಂಪು ನೋಡಿಕೊಂಡು ಬರಲು ಹೊರಟೆ. ಮೈ ಕೊರೆಯುವ ಜುಲೈ ಚಳಿ, ಶೆಡ್‌ನ ಬಾಗಿಲ ಹಿಂದೆ ನೇತಾಡುತ್ತಿದ್ದ ನಿನ್ನ ಉದ್ದ ಕೋಟು ಹಾಕಿಕೊಂಡೆ, ಅದರ ಮೇಲಿದ್ದ ಟೋಪಿಯನ್ನೂ ಹಾಕಿಕೊಂಡೆ. ಜೇಬಿನಲ್ಲಿ ಇಲಿ ಮನೆ ಮಾಡಿತ್ತು, ಅದು ಬೇರೆ ಮಾತು. ಬೇಲಿಯ ಆಚೆ ದಿಬ್ಬದ ಮೇಲೆ ನೆವ್ ತನ್ನ ಗಾಡಿ ನಿಲ್ಲಿಸಿಕೊಂಡಿದ್ದ. ನಾನು ಎಂದಿನಂತೆ ನಮಸ್ಕಾರಕ್ಕೆಂದು ಒಂದು ಬೆರಳು ಎತ್ತಿದೆ. ಅವನು ಬೆರಳು ಎತ್ತಲಿಲ್ಲ. ಟೋಪಿಯನ್ನೇ ತೆಗೆದು ತಲೆಯ ಮೇಲೆ ಬೀಸಿ, ಗಾಡಿ ತಿರುಗಿಸಿಕೊಂಡು ಹಾರಿಸಿಕೊಂಡು ಹೋದ. ಮುದುಕನಿಗೆ ಏನೋ ಹತ್ತಿಕೊಂಡಿದೆ ಎಂದುಕೊಂಡು ನಾನು ನನ್ನ ಕೆಲಸ ನೋಡಿಕೊಂಡೆ. ಇಲ್ಲಿ ನಾವು ಒಬ್ಬರ ಮುಖ ಒಬ್ಬರು ನೋಡುವುದು ಎಲ್ಲಿ ಬಂತು? ಗಾಡಿಯ ಬಣ್ಣ ನೋಡಿ, ಕೂರುವ ಭಂಗಿ ನೋಡಿ ಇಂಥವರು ಎನ್ನುತ್ತೇವೆ. ಅಷ್ಟೂ ನನ್ನ ತಲೆಗೆ ಹೊಳೆಯಲಿಲ್ಲ.

ಮಧ್ಯಾಹ್ನ ರಸ್ತೆಯ ಮೇಲೆ ಧೂಳೆದ್ದಿತು. ಒಂದು ಗಾಡಿ, ಅದರ ಹಿಂದೆ ಇನ್ನೊಂದು, ಮತ್ತೊಂದು. ಇಷ್ಟು ಜನ ಒಟ್ಟಿಗೆ ಬರುವುದು ಯಾರಾದರೂ ಸತ್ತಾಗ ಮಾತ್ರ. ನಿನ್ನ ದೋಣಿಗೇ ಏನಾದರೂ ಆಯಿತೋ ಎಂದು ಅಂಗಳಕ್ಕೆ ಓಡಿದೆ. ನೆವ್‌ನ ಹೆಂಡತಿ ಮಾರ್ಜ್ ಮಡಿಲಲ್ಲಿ ಕೇಕು ಇಟ್ಟುಕೊಂಡಿದ್ದವಳು ಅದನ್ನು ಸೀಟಿನ ಮೇಲಿಟ್ಟು, ದೊಡ್ಡ ಗೇಟಿನ ಬಳಿ ಇಳಿದು, ಎಲ್ಲರನ್ನೂ ಒಳಗೆ ಬಿಟ್ಟು, ಗೇಟು ಹಾಕಿಯೇ ಬಂದಳು. ಅಂಗಳದಲ್ಲಿ ಇಳಿಯುತ್ತಲೇ, “ಒಣದ್ರಾಕ್ಷಿ ಜಾಸ್ತಿ ಹಾಕಿದೀನಿ, ಅವ್ನಿಗೆ ಹಂಗೇ ಇಷ್ಟ. ಎಲ್ಲಮ್ಮಾ ನಮ್ಮ ಹುಡ್ಗ? ಒಂಬತ್ತು ವರ್ಷ ಆದ್ಮೇಲೂ ನಾಚ್ಕೊಂಡು ಒಳಗೆ ಕೂತಿದಾನಾ?” ಎಂದಳು. ಹಿಂದೆಯೇ ನೆವ್, ಬಿಯರಿನ ಪೆಟ್ಟಿಗೆ ಹೆಗಲ ಮೇಲೆ: “ಏ ಕ್ಲಿಂಟ್, ಬಾರೋ ಹೊರಗೆ! ಬಂದವ್ನು ಹೇಳ್ದೆ ಕೇಳ್ದೆ ಬೈಕ್ ಮೇಲೆ ಮೆರೀತಿದೀಯಾ!” ನನಗೆ ಆಗ ಅರ್ಥವಾಯಿತು. ಕೋಟು ಇನ್ನೂ ನನ್ನ ಮೈಮೇಲೇ ಇತ್ತು. “ಅದು ನಾನೇ ನೆವ್” ಎಂದೆ. “ಕೆಂಪು ಬೈಕು, ನಿಂತ್ಕೊಂಡು ಓಡಿಸ್ತಿದ್ದ, ನನ್ ಕಣ್ಣಿಗೇನು ಮಣ್ಣು ಬಿದ್ದಿತ್ತಾ?” ಎಂದು ಅವನು ಇನ್ನೂ ವಾದ ಮಾಡುತ್ತಿದ್ದ, ಆಮೇಲೆ ನನ್ನ ಮೈಮೇಲಿನ ಕೋಟು ನೋಡಿದ. ಪೆಟ್ಟಿಗೆಯನ್ನು ಮೆಲ್ಲನೆ ಕೆಳಗಿಟ್ಟ. ಸತ್ಯ ಹೇಳುತ್ತೇನೆ ಕ್ಲಿಂಟ್, ಆ ಗಳಿಗೆಯಲ್ಲಿ ನಾನೂ ಒಳಗೆ ತಿರುಗಿ ನೋಡಿದೆ, ನೀನು ನಿಜವಾಗಿಯೂ ಇದ್ದೀಯೇನೋ ಎಂದು. ಹುಚ್ಚು ನೋಡು.

ಮಾರ್ಜ್ ಪುಣ್ಯಾತ್ಗಿತ್ತಿ, “ಕೇಕ್ ವಾಪಸ್ ತಗೊಂಡ್ ಹೋಗೋಕಾಗುತ್ತಾ? ಟೀಗೆ ನೀರಿಡೇ” ಎಂದು ಒಳಗೆ ನುಗ್ಗಿದಳು. ಎಲ್ಲರೂ ಶೆಡ್‌ನಲ್ಲಿ ಬೈಕಿನ ಸುತ್ತ ನಿಂತು ತಿಂದರು, ಕುಡಿದರು, ನಿನ್ನ ಹಳೆಯ ಅವಾಂತರಗಳನ್ನೆಲ್ಲ ನೆನೆಸಿಕೊಂಡು ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಟಗರಿನ ಸುದ್ದಿ ಒಬ್ಬರೂ ಎತ್ತಲಿಲ್ಲ, ಅವರ್ಯಾರಿಗೂ ಅದು ನೆನಪೇ ಇದ್ದ ಹಾಗಿಲ್ಲ. ಹೊರಡುವ ಮುಂಚೆ ನೆವ್ ಎಡಗಡೆಯ ಮಡ್‌ಗಾರ್ಡ್ ಸವರುತ್ತಾ, “ಇದ್ಯಾಕೆ ಬಿಟ್ಟೆ?” ಎಂದ. “ಅದು ಅಪ್ಪನ ಮಗ್ಗುಲು” ಎಂದೆ. ಅವರೆಲ್ಲ ಹೋದ ಮೇಲೆ ಲೋಟ ತೊಳೆಯಲು ನಿಂತೆ. ಜನ ಬಂದು ಹೋದ ಮನೆ ಜನವೇ ಬಾರದ ಮನೆಗಿಂತ ಖಾಲಿ ಎಂದು ನನಗೆ ಗೊತ್ತಿರಲಿಲ್ಲ. ಲೋಟಗಳನ್ನು ಹಾಗೇ ಬಿಟ್ಟು, ನಾಯಿಯನ್ನು ಒಳಗೆ ಕರೆದುಕೊಂಡು ಮಲಗಿದೆ. ಅಪ್ಪ ಇದ್ದಿದ್ದರೆ ನಾಯಿ ಒಳಗೆ ಬಂದಿದ್ದಕ್ಕೆ ಕೂಗಾಡುತ್ತಿದ್ದರು.

ಮೈ ಹುಷಾರು. ಗಾಳಿ ಜೋರಿದ್ದಾಗ ದೋಣಿಯ ಅಂಚಿನಲ್ಲಿ ನಿಂತು ದೊಡ್ಡಸ್ತಿಕೆ ತೋರಿಸಬೇಡ. ನಿನ್ನ ಜೊತೆಯವರಿಗೆಲ್ಲ ನನ್ನ ನಮಸ್ಕಾರ ಹೇಳು. ಎಲ್ಲಿದ್ದರೂ ದೇವರು ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ. ಮಗ್ಸಿ ಈ ಕಾಗದದ ಅಂಚು ನೆಕ್ಕಿದ್ದಾಳೆ, ಒದ್ದೆಯಾಗಿದ್ದರೆ ಅದು ಅವಳದೇ.

ನಿನ್ನ ಅಕ್ಕ,
ಜನೀನ್

ಮರೆತಿದ್ದು: ಇವತ್ತು ಮಂಗಳವಾರ, ಟಪಾಲಿನವನ ಧೂಳು ಕಾಣುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಹರಾಜಿನವನಿಗೆ ಫೋನ್ ಮಾಡಿ ಕ್ರಿಸ್‌ಮಸ್ ಕಳೆಯುವ ತನಕ ಏನೂ ಬೇಡ ಎಂದೆ, ಅಡಿಲೇಡ್‌ನವರಿಗೂ ಅದನ್ನೇ ಹೇಳಿದೆ. ಬಿಸಿಗಾಳಿಯಲ್ಲಿ ಬರಿಸಿದ ಕೆಂಪು ಬಹಳ ದಿನ ನಿಲ್ಲುವುದಿಲ್ಲವಂತೆ, ಬೇಸಿಗೆ ಕಳೆಯುವುದರೊಳಗೆ ಮತ್ತೆ ಬಿಳಿಚಿಕೊಳ್ಳುತ್ತದಂತೆ. ಅಷ್ಟರೊಳಗೆ ಬಾ. ನವೆಂಬರ್‌ನಲ್ಲಿ ನಿಮ್ಮ ದೋಣಿ ದಡ ಸೇರಿದ ದಿನದಿಂದ ದೊಡ್ಡ ಗೇಟನ್ನು ತೆಗೆದೇ ಇಟ್ಟಿರುತ್ತೇನೆ, ಸರಪಳಿಯನ್ನು ಕಂಬಕ್ಕೆ ಸುತ್ತಿ. ಕುರಿಗಳು ಎಲ್ಲಿಗೆ ಬೇಕಾದರೂ ಹೋಗಲಿ, ನೆವ್ ಏನು ಬೇಕಾದರೂ ಅಂದುಕೊಳ್ಳಲಿ. ನೀನು ಒಳಗೆ ಬಂದ ಮೇಲೆ, ಇಳಿದು, ನೀನೇ ಹಾಕು.