ಎಲ್ಲರ ಹೆಸರಿನ ಮುಂದೆ ನನ್ನ ನಂಬರು

೩ ನವೆಂಬರ್ ೨೦೦೯, ಮಂಗಳವಾರ

ಅಕ್ಷರ ಸೊಟ್ಟಗಿದೆ. ತಪ್ಪುಗಳೂ ಇರುತ್ತವೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಬರಹ, ಕ್ಷಮಿಸಬೇಕು. ಯಾರು ಕ್ಷಮಿಸಬೇಕೋ ಗೊತ್ತಿಲ್ಲ. ಇದನ್ನು ಓದುವವರು ಯಾರೂ ಇಲ್ಲ. ಹೊಸ ನೋಟ್‌ಬುಕ್ ಶುರು ಮಾಡುವಾಗ ಹೀಗೆ ಬರೆದುಕೊಳ್ಳುವುದು ಅಭ್ಯಾಸ.

ಇವತ್ತು ಕೊಬ್ಬರಿ ಷೆಡ್ಡಿಗೆ ಹೋಗಲಿಲ್ಲ. ಹಟ್ಟಿಯ ಗುಡಿ ಮುಂದೆ ಆರೋಗ್ಯ ಕಾರ್ಡ್ ಕಂಪನಿಯವರ ಕ್ಯಾಂಪ್. ದುಡ್ಡು ಕಟ್ಟಿ ಕಾರ್ಡ್ ಮಾಡಿಸಿದರೆ ತಿಪಟೂರಿನಲ್ಲಿ ಔಷಧಿ ಅಗ್ಗವಂತೆ. ನಮ್ಮ ಹೆಂಗಸರಿಗೆ ಬರೆಯಲು ಬರದು. ನನ್ನದೂ ಸೇರಿ ಇಪ್ಪತ್ತಾರು ಫಾರಂ ನಾನೇ ತುಂಬಿದೆ. ಬೆರಳು ನೋಯುತ್ತಿದೆ.

ಇರುವ ಕಾಯಿಲೆ, ಆದ ಆಪರೇಷನ್ — ಈ ಜಾಗ ಬಂದಾಗ ಎಲ್ಲರೂ ಬಾಯಿ ಮುಚ್ಚಿದರು. "ನಿಜ ಹೇಳ್ರವ್ವ. ಕಂಪ್ಯೂಟರ್ ಒಳಗೆ ಹೋಯ್ತದೆ, ಯಾರಿಗೂ ಕಾಣಾಕಿಲ್ಲ" ಎಂದೆ. ಕಂಪನಿಯ ಹುಡುಗಿ ನನಗೆ ಹೇಳಿದ್ದನ್ನೇ ಹೇಳಿದೆ. ಆಮೇಲೆ ಒಬ್ಬೊಬ್ಬರೇ ಕಿವಿಯ ಹತ್ತಿರ ಬಂದರು. ಕೆಂಪಕ್ಕ ಎಲ್ಲರೂ ಎದ್ದು ಹೋಗುವವರೆಗೆ ಕಾದಿದ್ದು ಹೇಳಿದಳು. ಹೋದ ವರ್ಷ ತವರಿಗೆ ಹೋಗಿದ್ದಾಗ ಮಕ್ಕಳಾಗದ ಆಪರೇಷನ್ ಮಾಡಿಸಿಕೊಂಡಿದ್ದಾಳೆ. ಅತ್ತೆಗೆ ಗೊತ್ತಿಲ್ಲ. ಅತ್ತೆ ಮರಿಯಮ್ಮ ಇನ್ನೂ ಗಂಡು ಮೊಮ್ಮಗನಿಗೆ ಹರಕೆ ಹೊರುತ್ತಿದ್ದಾರೆ.

ಫೋನ್ ನಂಬರಿನ ಜಾಗಕ್ಕೆ ಇಪ್ಪತ್ತಾರರಲ್ಲೂ ನನ್ನದೇ ಬರೆದೆ. ಹೆಂಗಸರಲ್ಲಿ ಮೊಬೈಲ್ ಇರುವುದು ನನ್ನೊಬ್ಬಳ ಹತ್ತಿರ. ಯಾರಿಗೆ ಫೋನ್ ಬಂದರೂ ನಾನು ಕೂಗುತ್ತೇನೆ. ಆ ಮನೆಯವರು ಯಾರು ಹತ್ತಿರ ಇದ್ದರೋ ಅವರು ಬಂದು ಮಾತಾಡುತ್ತಾರೆ. ಹಟ್ಟಿಯಲ್ಲಿ ನಡೆದು ಬಂದಿರುವುದೇ ಹಾಗೆ.

ಕೊನೆಗೆ ನನ್ನ ಫಾರಂ. ಅವ್ವ ತೊಡೆ ಚಿವುಟಿದಳು. ಆದರೂ ಬರೆದೆ — ಮೂರ್ಛೆ. ಇಷ್ಟು ಜನಕ್ಕೆ ನಿಜ ಹೇಳಿ ಎಂದವಳು ನಾನೇ ಸುಳ್ಳು ಬರೆಯಲೇ?

ಮನೆಗೆ ಬಂದ ಮೇಲೆ ಅವ್ವ, "ಜುಂಜೇಶನ ಮನೆಯೋರಿಗೆ ಗೊತ್ತಾದ್ರೆ ಮುಗೀತು ಕಣೇ. ತಾಳಿ ಬೀಳೋಗಂಟ ಬಾಯಿ ಬುಡಬ್ಯಾಡ" ಎಂದಳು. ಸಂಕ್ರಾಂತಿ ಕಳೆದು ಅವನೊಂದಿಗೆ ನನ್ನ ಲಗ್ನ.

೧೯ ನವೆಂಬರ್, ಗುರುವಾರ

ಬೆಳಿಗ್ಗೆ ೧೦.೨೦. ಷೆಡ್ಡಿನಲ್ಲಿ ಚಿಪ್ಪು ಬಿಡಿಸುತ್ತಿದ್ದಾಗ ಫೋನ್. ಗಂಡಸಿನ ದನಿ. "ತಿಮ್ಮಕ್ಕನವರಾ? ಸಕ್ಕರೆ ಕಾಯಿಲೆಗೆ ನಮ್ಮ ಹತ್ರ ಪುಡಿ ಇದೆ." ಕಾರ್ಡ್ ಕಂಪನಿಯವರಾ ಎಂದು ಕೇಳಿದೆ. ಅಲ್ಲವಂತೆ. ಹಾಗಾದರೆ ಸಕ್ಕರೆ ಕಾಯಿಲೆ ಹೇಗೆ ಗೊತ್ತು?

ಇಟ್ಟುಬಿಟ್ಟ.

೨೧ ನವೆಂಬರ್

೯.೧೦ — ಹಾಲಮ್ಮನಿಗೆ, ಮಂಡಿ ನೋವಿನ ಎಣ್ಣೆ. ೧೧.೪೫ — ಮತ್ತೆ ತಿಮ್ಮಕ್ಕನಿಗೆ. ೩.೩೦ — ಯಾರೂ ಮಾತಾಡಲಿಲ್ಲ. ಉಸಿರು ಮಾತ್ರ.

ಗಂಟೆ ಬರೆದಿಡುತ್ತಿದ್ದೇನೆ. ಯಾಕೋ ಗೊತ್ತಿಲ್ಲ. ಭಯಕ್ಕೆ.

೨೪ ನವೆಂಬರ್

ಬೆಳಿಗ್ಗೆ ೧೧ಕ್ಕೆ ಷೆಡ್ಡಿನಲ್ಲಿದ್ದಾಗ ಒಬ್ಬ ಹೆಂಗಸಿನ ಫೋನ್. ನಯವಾದ ಮಾತು. "ಕೆಂಪಕ್ಕ ಇದಾರಾ?" ಎಂದಳು. ನಾನು ಯೋಚನೆಯನ್ನೇ ಮಾಡಲಿಲ್ಲ. ಯಾವಾಗಲೂ ಕೂಗುವ ಹಾಗೆ, "ಕೆಂಪಕ್ಕನ ಮನೆಗೆ ಫೋನು!" ಎಂದು ಕೂಗಿದೆ. ಕೆಂಪಕ್ಕ ನೀರಿಗೆ ಹೋಗಿದ್ದಳು. ಮರಿಯಮ್ಮತ್ತೆ ಎದ್ದು ಬಂದರು. ಕೈಗೆ ಕೊಟ್ಟೆ. ನಾನೇ ಕೊಟ್ಟೆ.

ಅತ್ತೆ, "ಯಾವ ಆಪ್ರೇಸನ್ನವ್ವ? ಇನ್ನೊಂದ್ಸಾರಿ ಹೇಳು" ಎಂದರು. ಷೆಡ್ಡಿನಲ್ಲಿ ಎಲ್ಲರ ಕೈ ನಿಂತಿತು. ಆಪರೇಷನ್ ಆದವರ ಸುಸ್ತಿಗೆ ಟಾನಿಕ್ ಮಾರುವವಳಂತೆ ಫೋನ್ ಮಾಡಿದವಳು.

ಕೆಂಪಕ್ಕ ಬಿಂದಿಗೆ ಹೊತ್ತು ಬಾಗಿಲಿಗೆ ಬಂದಳು. ಅತ್ತೆ ಫೋನು ನನ್ನ ಮಡಿಲಿಗೆ ಎಸೆದು ಅವಳನ್ನೇ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

೨೫ ನವೆಂಬರ್

ಕೆಂಪಕ್ಕನನ್ನು ಹೊನ್ನವಳ್ಳಿಗೆ, ತವರಿಗೆ ಕಳಿಸಿದರು. ಎರಡೂ ಹೆಣ್ಣು ಮಕ್ಕಳನ್ನು ಇಲ್ಲೇ ಇಟ್ಟುಕೊಂಡರು.

ಷೆಡ್ಡಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ. ಹಾಲಮ್ಮ ಎಲ್ಲರಿಗೂ ಕೇಳುವ ಹಾಗೆ, "ಬರ್ದೋಳೂ ಇವ್ಳೇ. ಫೋನು ಬರೋದೂ ಇವ್ಳಿಗೇ. ಎಷ್ಟಕ್ಕೆ ಮಾರ್ಕಂಡ್ಯೇ ನಮ್ ಕಾಯಿಲೇನ?" ಎಂದಳು.

ತಲೆ ತಗ್ಗಿಸಿ ಚಿಪ್ಪು ಬಿಡಿಸಿದೆ.

೨೭ ನವೆಂಬರ್

ಹುಳಿಯಾರು. ರಂಗನಾಥಣ್ಣನ ಕಂಪ್ಯೂಟರ್ ಅಂಗಡಿ. ಅಣ್ಣ ಅರ್ಧ ಗಂಟೆ ಹುಡುಕಿ ಒಂದು ಹಾಳೆ ಪ್ರಿಂಟ್ ತೆಗೆದ. "ಕಂಪನಿ ಕಂಪ್ಯೂಟರಿಗೆ ಹ್ಯಾಕರ್‌ಗಳು ನುಗ್ಗವ್ರೆ ಕಣಮ್ಮ. ಲಿಸ್ಟು ಎತ್ಕೊಂಡು ಬಯಲಲ್ಲಿ ಹಾಕವ್ರೆ. ಯಾರು ಬೇಕಾದ್ರೂ ನೋಡ್ಬೋದು."

ಇಪ್ಪತ್ತಾರು ಹೆಸರು. ಪ್ರತಿ ಹೆಸರಿನ ಮುಂದೆ ನನ್ನ ನಂಬರು. ಕೊನೆಯದು ನನ್ನ ಸಾಲು. ಅದರ ಮೇಲೆ ಅಣ್ಣ ಹೆಬ್ಬೆಟ್ಟು ಇಟ್ಟುಕೊಂಡೇ ಹಾಳೆ ಕೊಟ್ಟ. ಓದಿಲ್ಲ ಎನ್ನುವ ಹಾಗೆ. ಓದಿದ್ದಾನೆ.

೩೦ ನವೆಂಬರ್

೧೨.೧೫. ಮೊನ್ನೆ ಫೋನಿನಲ್ಲಿ ಉಸಿರು ಮಾತ್ರ ಕೇಳಿಸಿದವನೇ ಇರಬೇಕು. ನಿಧಾನವಾಗಿ ಓದಿದ. "ಮಂಜುಶ್ರೀ. ಇಪ್ಪತ್ತೆರಡು. ಮದುವೆ ಇಲ್ಲ. ಮೂರ್ಛೆ." ನಕ್ಕ. "ಗಂಡು ಗೊತ್ತಾಗಿದ್ಯಾ? ಅವನಿಗೆ ಹೇಳಿದೀಯೋ, ನಾನೇ ಹೇಳ್ಲೋ?"

೫ ಡಿಸೆಂಬರ್

ನಾಲ್ಕು ದಿನ ಬರೆಯಲಿಲ್ಲ. ಮಂಗಳವಾರ ಮನೆಯಲ್ಲೇ ಮೂರ್ಛೆ ಬಂತು. ಅವ್ವ ಬಾಗಿಲು ಹಾಕಿದಳು. ಯಾರೂ ನೋಡಲಿಲ್ಲ. ನಾಲಿಗೆ ಕಚ್ಚಿಕೊಂಡಿದ್ದೇನೆ, ಗಂಜಿ ಮಾತ್ರ.

ಕೆಂಪಕ್ಕ ತವರಿನಿಂದ ಫೋನ್ ಮಾಡಿದ್ದಳು. ನನ್ನನ್ನು ಬೈಯಲು ಎಂದುಕೊಂಡೆ. "ತಿಪಟೂರಲ್ಲಿ ಗೋವಿಂದಯ್ಯ ಅಂತ ಲಾಯರವ್ರೆ. ಬತ್ತೀಯೇನೆ ಜತೆಗೆ?"

೭ ಡಿಸೆಂಬರ್

ಕೋರ್ಟಿನ ಎದುರು, ಮಹಡಿ ಮೇಲೆ ಲಾಯರ ರೂಮು. ವಯಸ್ಸಾದವರು. ಹಾಳೆಯನ್ನು ಎರಡು ಸಲ ಓದಿದರು.

"ಮೂರು ದಾರಿ ಇದೆ ಕಣಮ್ಮ. ಒಂದು, ಪೊಲೀಸ್. ಕಂಪ್ಲೇಂಟ್ ಕೊಡ್ಬೇಕು, ಕೊಡೋಣ. ಇಂಥದ್ದಕ್ಕೇ ಬೆಂಗಳೂರಲ್ಲಿ ಬೇರೆ ಸ್ಟೇಷನ್ ಇದೆ. ಫೋನ್ ಮಾಡಿ ಹೆದರಿಸೋನು ಸಿಗಬಹುದು, ಲಿಸ್ಟು ಕದ್ದೋನು ಸಿಗೋದು ಕಷ್ಟ. ಎರಡು, ತುಮಕೂರಿನ ಗ್ರಾಹಕರ ಕೋರ್ಟು. ಪುಕ್ಕಟೆ ಆಗಿದ್ರೆ ಆಗ್ತಿರ್ಲಿಲ್ಲ, ನೀವು ಕಾರ್ಡಿಗೆ ದುಡ್ಡು ಕೊಟ್ಟಿದೀರಿ. ಮೂರನೇದು ಹೊಸದು. ಜನರ ಗುಟ್ಟು ಇಟ್ಕೊಂಡ ಕಂಪನಿ ಅದನ್ನ ಸರಿಯಾಗಿ ಕಾಪಾಡ್ದೆ ನಷ್ಟ ಆದ್ರೆ ಪರಿಹಾರ ಕೊಡ್ಬೇಕು. ಕೇಳೋಕೆ ಬೆಂಗಳೂರಲ್ಲಿ ಒಬ್ಬ ಅಧಿಕಾರಿ ಇದಾರೆ. ಕದ್ದೋನು ಯಾರೋ, ಬಾಗಿಲು ತೆಗೆದಿಟ್ಟೋರು ಯಾರು ಅಂತ ಗೊತ್ತಲ್ಲ!"

ಕೆಂಪಕ್ಕ, "ದುಡ್ಡು ಬ್ಯಾಡ ಸಾ. ತಪ್ಪು ಅವ್ರದ್ದು ಅಂತ ಒಂದು ಕಾಗದ ಬರ್ಕೊಡ್ಲಿ. ಅದನ್ನ ಹಟ್ಟೀಲಿ ಓದುಸ್ಬೇಕು. ಈ ಹುಡ್ಗಿ ಮಾರ್ಲಿಲ್ಲ ಅಂತಾನೂ ಗೊತ್ತಾಗ್ಲಿ" ಎಂದಳು.

ನಾನು ಕಿಟಕಿಯ ಕಡೆ ತಿರುಗಿದೆ.

ಮೊದಲು ಕಂಪನಿಗೆ ನೋಟಿಸ್.

೨೧ ಡಿಸೆಂಬರ್

ಕಂಪನಿಯ ಉತ್ತರ ಬಂದಿದೆ. ಕಳ್ಳತನ ಆಗಿದ್ದು ಸೆಪ್ಟೆಂಬರಿನಲ್ಲಂತೆ. ಆಮೇಲೆ ಎಲ್ಲ ಭದ್ರ ಮಾಡಿದ್ದಾರಂತೆ. ಲಾಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬುದ್ಧಿವಂತರು. ಹೊಸ ಕಾನೂನು ಜಾರಿಯಾಗಿದ್ದು ಅಕ್ಟೋಬರ್ ಇಪ್ಪತ್ತೇಳಕ್ಕೆ. ಸೆಪ್ಟೆಂಬರ್ ಅಂದ್ರೆ ಅವ್ರು ಬಚಾವ್. ನಿಮ್ಮ ಕ್ಯಾಂಪ್ ಆಗಿದ್ದು ಯಾವತ್ತು?"

"ನವೆಂಬರ್ ಮೂರು."

"ಆಗದೇ ಇದ್ದ ಕ್ಯಾಂಪಿನ ಲಿಸ್ಟು ಸೆಪ್ಟೆಂಬರಲ್ಲಿ ಹೆಂಗಮ್ಮ ಕಳುವಾಯ್ತು! ರಸೀತಿ ಎಲ್ಲಿ?"

ಕೊಟ್ಟೆವು. ಒಂದರಲ್ಲೂ ತಾರೀಖು ಹಾಕಿಲ್ಲ. ಕೆಂಪಕ್ಕ ಹಣೆ ಹಿಡಿದುಕೊಂಡಳು.

"ಬಾಯಿ ಮಾತು ಸಾಲದು. ಅವತ್ತಿನದೇ ಬರವಣಿಗೆ ಏನಾದ್ರೂ ಇದ್ಯಾ? ಮೂರನೇ ತಾರೀಖು ಅಂತ ನಿನಗೆ ಹೆಂಗೆ ಇಷ್ಟು ಖಂಡಿತ?"

"ಬರ್ದಿದೀನಿ" ಎಂದೆ. ಬಾಯಿಂದ ಬಂದುಬಿಟ್ಟಿತು.

ಲಾಯರು ಮುಂದಕ್ಕೆ ಬಗ್ಗಿದರು. ಫೋನ್ ಬಂದ ಗಂಟೆಗಳನ್ನೂ ಬರೆದಿರುವುದು ಹೇಳಬೇಕಾಯಿತು. ಎಲ್ಲರ ಫೋನೂ ಒಂದೇ ನಂಬರಿಗೆ ಬಂದದ್ದೂ ಒಳ್ಳೆಯದೇ ಆಯಿತಂತೆ. ಫೋನ್ ಕಂಪನಿಯಿಂದ ಒಂದೇ ಪಟ್ಟಿ ತರಿಸಿ ತಾಳೆ ನೋಡಬಹುದಂತೆ.

ಒಂದೆರಡು ಹಾಳೆ ಮಾತ್ರ ಕೊಟ್ಟರೆ ಆಗುವುದಿಲ್ಲವೇ ಎಂದು ಕೇಳಿದೆ.

"ಹರಿದ ಪುಸ್ತಕಕ್ಕೆ ಬೆಲೆ ಇಲ್ಲಮ್ಮ. ತಿದ್ದಲೂ ಬೇಡ. ಇದ್ದ ಹಾಗೇ ಬೇಕು. ಆ ಕಡೆ ವಕೀಲರೂ ಓದ್ತಾರೆ, ಅಧಿಕಾರಿನೂ ಓದ್ತಾರೆ. ಯೋಚನೆ ಮಾಡು. ಗುರುವಾರದೊಳಗೆ ತಂದುಕೊಟ್ರೆ ಕ್ರಿಸ್‌ಮಸ್ ರಜೆಗೆ ಮುಂಚೆ ಅರ್ಜಿ ಸಿದ್ಧ ಮಾಡ್ತೀನಿ."

ಹೊನ್ನವಳ್ಳಿಯಲ್ಲಿ ಬಸ್ ಇಳಿಯುವಾಗ ಕೆಂಪಕ್ಕ ನನ್ನ ಕೈ ಮುಟ್ಟಿ, "ಆಗ್ದಿದ್ರೆ ಬುಡು ಮಂಜು" ಎಂದಳು.

೨೨ ಡಿಸೆಂಬರ್

ಅವ್ವನಿಗೆ ಹೇಳಿದೆ. "ಒಲೆಗೆ ಹಾಕು ಅದನ್ನ" ಎಂದಳು. ಒಲೆ ಉರಿಯುತ್ತಿತ್ತು. ಪುಸ್ತಕ ಕೈಯಲ್ಲೇ ಇತ್ತು.

ಕೆಂಪಕ್ಕನ ಕಿರಿಯ ಮಗಳು ನಮ್ಮ ಬಾಗಿಲಿಗೆ ಬಂದಳು. "ಅವ್ವ ಫೋನ್ ಮಾಡಿತ್ತಾ?" ಎಂದು ಕೇಳಿದಳು. ದಿನಾ ಬಂದು ಕೇಳುತ್ತಾಳೆ.

೨೩ ಡಿಸೆಂಬರ್, ಬೆಳಿಗ್ಗೆ ೧೦

ಯಾರೋ ಹೇಳುವ ಮೊದಲು ನಾನೇ ಹೇಳಬೇಕು. ಜುಂಜೇಶನಿಗೆ ನಾನಾಗಿ ಫೋನ್ ಮಾಡಿದ್ದು ಇದೇ ಮೊದಲು. ಬೇಲಿ ಆಚೆ ಹುಣಸೇಮರದ ಕೆಳಗೆ ನಿಂತು ಮಾಡಿದೆ.

"ಏನ್ ಮಂಜು, ಸೂರ್ಯ ಎಲ್ಲಿ ಹುಟ್ಟಿದ ಇವತ್ತು?" ಎಂದು ನಕ್ಕ.

ಹೇಳಿದೆ. ಸ್ಕೂಲು ಯಾಕೆ ಬಿಟ್ಟೆ ಎನ್ನುವುದರಿಂದ ಈ ತಿಂಗಳು ಮೂರ್ಛೆ ಬಂದದ್ದರವರೆಗೆ. ಲಿಸ್ಟು. ಪುಸ್ತಕ.

ಆ ಕಡೆ ಕುರಿಗಳ ಸದ್ದು ಕೇಳುತ್ತಿತ್ತು. ಆಮೇಲೆ, "ಭಾನ್ವಾರ ಬತ್ತೀನಿ" ಎಂದ. ಯಾಕೆ ಬರುತ್ತಾನೋ ಹೇಳಲಿಲ್ಲ. ನಾನೂ ಕೇಳಲಿಲ್ಲ.

೨೪ ಡಿಸೆಂಬರ್, ಗುರುವಾರ, ಬೆಳಿಗ್ಗೆ ೭

ಮಾತ್ರೆ ನುಂಗಿದೆ. ಏಳೂವರೆ ಬಸ್ಸು. ಕೆಂಪಕ್ಕ ಹೊನ್ನವಳ್ಳಿಯಲ್ಲಿ ಹತ್ತುತ್ತಾಳೆ.

ಮೊದಲ ಪುಟ ತೆಗೆದು ನೋಡಿದೆ. ಓದುವವರು ಯಾರೂ ಇಲ್ಲ ಎಂದು ಬರೆದಿದ್ದೇನೆ. ಹೊಡೆದುಹಾಕಲು ಪೆನ್ನು ಎತ್ತಿದೆ. ತಿದ್ದಬೇಡ ಎಂದಿದ್ದಾರೆ. ಬಿಟ್ಟೆ.

ಅವ್ವ ಮಾತಾಡುತ್ತಿಲ್ಲ. ಆದರೆ ರಾತ್ರಿಯ ಅನ್ನ ಒಂದು ಹಿಡಿ ಎಲೆಯಲ್ಲಿ ತಂದು ಪಕ್ಕದಲ್ಲಿಟ್ಟು ಹೋದಳು. ಅದನ್ನೇ ಮಿದ್ದು ಅಂಟು ಮಾಡಿ, ಸ್ಕೂಲಿನಲ್ಲಿ ಮಾಡುತ್ತಿದ್ದ ಹಾಗೆ ಪುಸ್ತಕಕ್ಕೆ ಹಳೇ ಪೇಪರಿನ ಬೈಂಡ್ ಹಾಕಿದೆ. ಮೇಲೆ ನನ್ನ ಹೆಸರು ಬರೆದೆ. ಅಂಟು ಇನ್ನೂ ಹಸಿ ಇದೆ, ಅಂಗೈಯಲ್ಲಿ ಒತ್ತಿ ಹಿಡಿದುಕೊಂಡೇ ಬಸ್ಸಿಗೆ ಹೊರಡಬೇಕು.